ಗದ್ದುಗೆಯಲ್ಲಿ ಇಲ್ಲದವರು

ಮಡಿಕೇರಿಯ ರಾಜರ ಗದ್ದುಗೆಯ ಜಾಗ ಒತ್ತುವರಿಯಾಗುತ್ತಿದೆ, ಸರ್ವೆ ಮಾಡಿಸಿ ಬೇಲಿ ಹಾಕಿಸಿ ಎಂಬ ಕೂಗು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಏಳುತ್ತಿದೆ. ಆ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ, ಕೊಡಗಿನ ಶಾಲೆಗಳಲ್ಲಿ ಓದಿದ ನನ್ನ ತಲೆಮಾರಿನವರಿಗೆ ಗದ್ದುಗೆಯ ಬಗ್ಗೆ ಹೇಳಿಕೊಟ್ಟ ಪಾಠ ನೆನಪಾಗುತ್ತದೆ. ಕೋಟೆ, ಓಂಕಾರೇಶ್ವರ, ರಾಜಾಸೀಟು, ಕೊನೆಗೆ ಗದ್ದುಗೆ. ಮಡಿಕೇರಿಯನ್ನು ಮಕ್ಕಳಿಗೆ ತೋರಿಸುವ ಕ್ರಮವೇ ಹಾಗಿತ್ತು. ಪೇಟೆ ಮುಗಿದು ಊರಿನ ಅಂಚು ಶುರುವಾಗುವಲ್ಲಿ, ಮಹದೇವಪೇಟೆಯ ಆಚೆ, ಗುಮ್ಮಟ ಹೊತ್ತ ಕಟ್ಟಡಗಳು. ಇವರು ನಮ್ಮನ್ನು ಆಳಿದ ದೊರೆಗಳು, ಟಿಪ್ಪುವಿಗೆ ತಲೆಬಾಗದವರು, ಕೊನೆಯವನು ಕೆಟ್ಟವನಾದ, ಇಂಗ್ಲಿಷರು ಬಂದರು ಎಂದು ಮೇಷ್ಟ್ರುಗಳು ಹೇಳುತ್ತಿದ್ದರು. ಪ್ರೀತಿಯೂ ಹೆಮ್ಮೆಯೂ ಇದ್ದ ಪಾಠ ಅದು, ಅದನ್ನು ಹೇಳಿಕೊಟ್ಟವರ ಬಗ್ಗೆ ಇವತ್ತಿಗೂ ಗೌರವವಿದೆ. ಆದರೆ ಅದರಲ್ಲಿ ಒಂದು ಪ್ರಶ್ನೆಗೆ ಜಾಗವೇ ಇರಲಿಲ್ಲ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕೊಡಗನ್ನು ಆಳಿದ ಹಾಲೇರಿ ಮನೆತನದ ಈ ರುದ್ರಭೂಮಿಯಲ್ಲಿ ಇಬ್ಬರೇ ಅರಸರು ಯಾಕೆ ಮಲಗಿದ್ದಾರೆ? 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ ಮುದ್ದುರಾಜ ಈ ಗುಮ್ಮಟಗಳ ಕೆಳಗೆ ಇಲ್ಲ. ಅವನ ನಂತರ ಆಳಿದ ದೊಡ್ಡವೀರಪ್ಪ ಇಲ್ಲ. ಕಟ್ಟಕಡೆಯ ದೊರೆ ಚಿಕ್ಕವೀರರಾಜೇಂದ್ರನೂ ಇಲ್ಲ. ಇರುವವರ ಹೆಸರು ಹೇಳಿ ಮುಗಿಸುವ ಬದಲು ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಗದ್ದುಗೆ ರಾಜವೈಭವದ ಗುರುತಾಗಿ ಉಳಿಯುವುದಿಲ್ಲ. ಪಟ್ಟ ಯಾರದು ಎಂಬ ಜಗಳದ ದಾಖಲೆಯಾಗಿ ಕಾಣುತ್ತದೆ. ಆ ದಾಖಲೆಯ ಅರ್ಧ ಭಾಗ ಕೊಡಗಿನ ಹೊರಗಿದೆ. ನಾನು ವಾದಿಸಬೇಕೆಂದಿರುವುದು ಇದನ್ನೇ.

ಮೊದಲು ಇರುವುದನ್ನು ನೋಡಬೇಕು. ನಡುವಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮಾಜಿ ಇದ್ದಾರೆ. ಅದರ ಬಲಕ್ಕೆ ಅವನ ತಮ್ಮ ಲಿಂಗರಾಜೇಂದ್ರನ ಗದ್ದುಗೆ. ಅದನ್ನು 1820ರಲ್ಲಿ ಕಟ್ಟಿಸಿದವನು ಮಗ ಚಿಕ್ಕವೀರರಾಜೇಂದ್ರ. ಎಡಕ್ಕೆ ಅರಮನೆಯ ಗುರು ರುದ್ರಪ್ಪನವರದು, 1834ರ ಕಟ್ಟಡ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳು, ಅಲ್ಲಲ್ಲಿ ನಂದಿ, ಒಳಗೆ ಶಿವಪೂಜೆ. ಹೊರಗಿನ ಆಕಾರ ಮಸೀದಿ ಗೋರಿಗಳದ್ದು, ಒಳಗಿನ ಆಚಾರ ವೀರಶೈವರದ್ದು. ಸತ್ತವರನ್ನು ಸುಡದೆ, ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ವಿಭೂತಿಯೊಡನೆ ಮಣ್ಣು ಮಾಡುವ ಪದ್ಧತಿ ಅದು. ಟಿಪ್ಪುವಿನ ಜೊತೆ ವರ್ಷಗಟ್ಟಲೆ ಕಾದಿದ ದೊರೆ ಶ್ರೀರಂಗಪಟ್ಟಣದ ಗುಂಬಜಿನ ಜಾತಿಗೇ ಸೇರಿದ ಗುಮ್ಮಟದ ಕೆಳಗೆ ಮಲಗಿದ್ದಾನೆಂದು ಬೆರಗಾಗುವವರು ಇದ್ದಾರೆ. ಬೆರಗಿಗೆ ಕಾರಣವಿಲ್ಲ. ದಖ್ಖನಿನಲ್ಲಿ ಶತಮಾನಗಳಿಂದ ಗುಮ್ಮಟ ಕಟ್ಟುವ ಕೈಗಳು ಯಾವ ಧರ್ಮದವರು ಕರೆದರೂ ಹೋಗಿ ಕಟ್ಟಿವೆ. ಲಿಂಗರಾಜ 1820ರಲ್ಲಿ ಮುಗಿಸಿದ ಓಂಕಾರೇಶ್ವರ ದೇವಸ್ಥಾನವೂ ಇದೇ ಅಚ್ಚಿನದು.

ಈ ಕಟ್ಟಡಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ದೊಡ್ಡವೀರರಾಜ ಮತ್ತು ಲಿಂಗರಾಜರ ಗದ್ದುಗೆಗಳಿಗಿರುವ ಹೋಲಿಕೆ. ಅಣ್ಣನ ಪಕ್ಕಕ್ಕೆ ತಮ್ಮನನ್ನು, ಅಣ್ಣನದೇ ನಮೂನೆಯಲ್ಲಿ, ಸರಿಜೋಡಿಯಾಗಿ ಇರಿಸಲಾಗಿದೆ. ಇದರ ಹಿಂದಿನ ಕಥೆ ತಿಳಿದವರಿಗೆ ಈ ಸಾಲು ನೆಮ್ಮದಿಯದಾಗಿ ಕಾಣುವುದಿಲ್ಲ. ದೊಡ್ಡವೀರರಾಜ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು, ಟಿಪ್ಪುವಿನ ದಂಡನ್ನು ಕೊಡಗಿನಿಂದ ಹೊರಗಟ್ಟಿ, 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡವನು. ನಾಲ್ಕುನಾಡು ಅರಮನೆ ಅವನು ಕಟ್ಟಿಸಿದ್ದು, ವಿರಾಜಪೇಟೆ ಅವನ ಹೆಸರಿನ ಊರು. ಮಹದೇವಮ್ಮಾಜಿಯನ್ನು ಅವನು ಪಟ್ಟದ ರಾಣಿಯಾಗಿ ಮಾಡಿಕೊಂಡ. ಆಕೆಯಲ್ಲಿ ಅವನಿಗೆ ಹೆಣ್ಣುಮಕ್ಕಳಷ್ಟೇ ಹುಟ್ಟಿದರು. 1807ರಲ್ಲಿ ರಾಣಿ ತೀರಿಕೊಂಡಳು. ಆಮೇಲಿನ ಎರಡು ವರ್ಷ ಅವನ ಮನಸ್ಸನ್ನು ತಿಂದ ಚಿಂತೆ ಒಂದೇ: ಪಟ್ಟ ತಮ್ಮಂದಿರ ಪಾಲಾಗದೆ ಮಹದೇವಮ್ಮಾಜಿಯ ಹೊಟ್ಟೆಯಲ್ಲಿ ಹುಟ್ಟಿದವರಿಗೇ ಉಳಿಯಬೇಕು. ಅದನ್ನು ಕಂಪನಿಯ ಸರ್ಕಾರಕ್ಕೆ ಬರೆದು ಒಪ್ಪಿಸಲು ಅವನು ಪಟ್ಟ ಪಾಡು ಕಾಗದಪತ್ರಗಳಲ್ಲಿ ದಾಖಲಾಗಿದೆ. ಮನೆತನದ ಚರಿತ್ರೆಯನ್ನು ‘ರಾಜೇಂದ್ರನಾಮೆ’ಯಾಗಿ ಬರೆಸಿದ್ದೂ ಅದೇ ವರ್ಷಗಳಲ್ಲಿ, ಆ ಹೊತ್ತಿನಲ್ಲಿ ಅದನ್ನು ಬರೆಸಿದ್ದಕ್ಕೂ ಈ ಚಿಂತೆಗೂ ಸಂಬಂಧವಿದೆ ಎಂದೇ ನನ್ನ ಎಣಿಕೆ. 1809ರಲ್ಲಿ ಅವನು ಸತ್ತಾಗ ಮಗಳು ದೇವಮ್ಮಾಜಿ ಇನ್ನೂ ಬಾಲೆ. ಚಿಕ್ಕಪ್ಪ ಲಿಂಗರಾಜ ಮೊದಲು ಅವಳ ಪರವಾಗಿ ಆಡಳಿತ ನೋಡಿಕೊಂಡ, 1811ರ ಹೊತ್ತಿಗೆ ತಾನೇ ದೊರೆಯೆಂದು ಕೂತ.

ಅಣ್ಣ ಜೀವಮಾನದ ಕೊನೆಗೆ ತಡೆಯಲು ನೋಡಿದ್ದು ಯಾವುದನ್ನೋ ಅದೇ ನಡೆದುಹೋಯಿತು. ಅದು ನಡೆದ ಒಂಬತ್ತು ವರ್ಷಗಳ ಮೇಲೆ, ಆ ತಮ್ಮನ ಮಗ, ಅಣ್ಣನ ಗದ್ದುಗೆಗೆ ತಾಗಿದಂತೆ, ಅದರಷ್ಟೇ ಗಂಭೀರವಾಗಿ, ತಂದೆಗೊಂದು ಗದ್ದುಗೆ ಕಟ್ಟಿಸಿದ. ಇದನ್ನು ಬರಿಯ ಪಿತೃಭಕ್ತಿ ಎನ್ನಬಹುದೇ? ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸತ್ತ ತಂದೆಗೆ ಮಗ ಕಟ್ಟಿಸಿದ ಪ್ರತಿಯೊಂದು ಸಮಾಧಿಯಲ್ಲೂ ರಾಜಕೀಯ ಹುಡುಕುವುದು ಕೆಟ್ಟ ಚಟ. ಆದರೆ ಜಾಗದ ಆಯ್ಕೆಗೆ ಬೇರೆ ವಿವರಣೆ ಬೇಕಾಗುತ್ತದೆ. ಹಾಲೇರಿ ಅರಸರಿಗೆ ಬೆಟ್ಟಗುಡ್ಡಗಳಿಗೇನೂ ಬರವಿರಲಿಲ್ಲ. ದೊಡ್ಡವೀರರಾಜನ ಗುಮ್ಮಟವಿದ್ದ ಈ ಜಾಗ ರಾಣಿಯ ನೆನಪಿನ ಜಾಗವೂ ಆಗಿತ್ತು, ಪಕ್ಕದ ಪೇಟೆಗೆ ಹೆಸರೇ ಅವಳದು. ಅಲ್ಲಿಯೇ, ಅವಳ ಮಕ್ಕಳ ಪಟ್ಟ ಕಿತ್ತುಕೊಂಡವನನ್ನು ಸರಿಸಮನಾಗಿ ಇರಿಸಿದರೆ ನೋಡುವ ಪ್ರಜೆಗೆ ತಲುಪುವುದು ಒಂದೇ ಅರ್ಥ: ಅಣ್ಣನಾದ ಮೇಲೆ ತಮ್ಮ, ಆಮೇಲೆ ತಮ್ಮನ ಮಗ, ನಡುವೆ ಬೇರೆ ಯಾರೂ ಇರಲಿಲ್ಲ. ದೇವಮ್ಮಾಜಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಚಿಕ್ಕವೀರರಾಜನ ಕಾಲದಲ್ಲಿ ಅವಳನ್ನು ಕೊಲ್ಲಿಸಲಾಯಿತು ಎಂದು ಹೆರ್ಮನ್ ಮೋಗ್ಲಿಂಗ್ 1855ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ, ಆಮೇಲೆ ಬಂದ ಇತಿಹಾಸಗಳೂ ಅದನ್ನೇ ಹೇಳುತ್ತ ಬಂದಿವೆ. ತಂದೆ ತಾಯಿ ಇಬ್ಬರೂ ಒಂದೇ ಗುಮ್ಮಟದ ಕೆಳಗಿರುವಾಗ, ಅವರು ಪಟ್ಟಕ್ಕೆಂದು ಆರಿಸಿದ ಮಗಳು ಅವರ ಹತ್ತಿರವಿಲ್ಲ ಎಂಬುದನ್ನು ನಮ್ಮ ಪಾಠಗಳಲ್ಲಿ ಯಾರೂ ಹೇಳಲಿಲ್ಲ. ಈ ಗದ್ದುಗೆಯ ಕುರಿತು ನನಗೆ ತೀರ ನೋವಿನದಾಗಿ ಕಾಣುವ ಸಂಗತಿ ಅದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಚಿಕ್ಕವೀರರಾಜನ ಕ್ರೌರ್ಯದ ಬಗ್ಗೆ ನಮಗೆ ಸಿಗುವ ಹೆಚ್ಚಿನ ಬರಹ ಗೆದ್ದವರದು. ಮೋಗ್ಲಿಂಗ್ ಮಿಷನರಿ, ಅವರು ಬರೆಯುವ ಹೊತ್ತಿಗೆ ಕೊಡಗು ಕಂಪನಿಯ ಕೈಗೆ ಹೋಗಿ ಇಪ್ಪತ್ತು ವರ್ಷ ಕಳೆದಿತ್ತು. ರಾಜ್ಯವನ್ನು ನುಂಗಿದವರಿಗೆ ದೊರೆ ರಾಕ್ಷಸನಾಗಿರುವುದು ಅನುಕೂಲದ ವಿಷಯ. ಈ ಆಕ್ಷೇಪ ಸರಿಯಾದದ್ದೇ. ಆ ಬರಹಗಳ ಪ್ರತಿ ಕೊಲೆಯ ಲೆಕ್ಕವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಆದರೂ ಒಂದು ಸಂಗತಿ ಮೋಗ್ಲಿಂಗರನ್ನು ನಂಬಿ ನಿಂತಿಲ್ಲ. ದೊರೆಯ ಸ್ವಂತ ತಂಗಿ ದೇವಮ್ಮಾಜಿ, ಇವಳು ಬೇರೆ ದೇವಮ್ಮಾಜಿ, ಗಂಡ ಚೆನ್ನಬಸವನ ಜೊತೆ ಗಡಿ ದಾಟಿ ಮೈಸೂರಿಗೆ ಓಡಿಹೋದಳು, ಅವರನ್ನು ಒಪ್ಪಿಸಿ ಎಂದು ದೊರೆ ಹಟ ಹಿಡಿದ, 1834ರ ಯುದ್ಧಕ್ಕೆ ಅದೂ ಒಂದು ನೆಪವಾಯಿತು. ಒಡಹುಟ್ಟಿದವಳೇ ಜೀವ ಉಳಿಸಿಕೊಳ್ಳಲು ಪರದೇಶಕ್ಕೆ ಓಡುವ ಮನೆಯಲ್ಲಿ ಪಟ್ಟದ ಭಯ ಎಷ್ಟಿತ್ತೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂತು, ಆ ಕಾದಂಬರಿಗೆ 1983ರ ಜ್ಞಾನಪೀಠ ಸಂದಿತು. ಕನ್ನಡನಾಡಿನ ಬಹುಪಾಲು ಓದುಗರಿಗೆ ಆ ದೊರೆ ಪರಿಚಯವಾದದ್ದೇ ಅದರಿಂದ. ಕಾದಂಬರಿಯನ್ನು ಕಾದಂಬರಿಯಾಗಿ ಓದಬೇಕು. ದಾಖಲೆಗಳ ಜಾಗಕ್ಕೆ ಅದನ್ನು ತಂದಿಟ್ಟುಕೊಂಡಿದ್ದರಿಂದ ಕೊಡಗಿನಲ್ಲಿ ವಾದಗಳು ಎಷ್ಟೋ ಕಾಲ ಅದರ ಸುತ್ತಲೇ ತಿರುಗಿದವು.

1834ರ ಏಪ್ರಿಲ್ಲಿನಲ್ಲಿ ದೊರೆ ಶರಣಾದ. ಅದೇ ವರ್ಷದ್ದೆಂದು ಗುರುತಿಸಿರುವ ರುದ್ರಪ್ಪನವರ ಗದ್ದುಗೆಯೇ ಈ ರುದ್ರಭೂಮಿಯ ಕೊನೆಯ ದೊಡ್ಡ ಕಟ್ಟಡ. ಮುಂದಿನ ಗುಮ್ಮಟ ಚಿಕ್ಕವೀರರಾಜನದಾಗಬೇಕಿತ್ತು. ಅವನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಒಯ್ದರು. ಕಾಶಿಯಲ್ಲಿ ಕೂತು ಅವನು ಕಂಪನಿಯ ಬಳಿ ಉಳಿದಿದ್ದ ತನ್ನ ಮನೆತನದ ಹಣಕ್ಕಾಗಿ ಬರೆದ, ಬೇಡಿದ. ಅಲ್ಲಿಂದಲೇ ಒಬ್ಬ ಮಗಳನ್ನು ನೇಪಾಳದ ಜಂಗ್ ಬಹದ್ದೂರನಿಗೆ ಮದುವೆ ಮಾಡಿಕೊಟ್ಟ. 1852ರಲ್ಲಿ ಇನ್ನೊಬ್ಬ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ಹಣ ಕೈಸೇರಲಿಲ್ಲ. 1859ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಸತ್ತಾಗ ಅವನನ್ನು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥರೂ 1846ರಿಂದ ಅಲ್ಲೇ ಇದ್ದಾರೆ. ಚಿಕ್ಕವೀರರಾಜನ ಅವಶೇಷವನ್ನು ಮುಂದೆ ಅಲ್ಲಿಂದ ತೆಗೆದು ಕಾಶಿಯ ಜಂಗಮವಾಡಿ ಮಠಕ್ಕೆ ಸಾಗಿಸಿ, ವೀರಶೈವರ ಕ್ರಮದಲ್ಲೇ ಸಮಾಧಿ ಮಾಡಲಾಯಿತು ಎಂಬುದು ಈ ಮನೆತನದ ಜಾಡು ಹಿಡಿದವರ ಮಾತು. ಕೊಡಗಿಗೆ ಅವನು ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ, ಸತ್ತ ದೊರೆಯ ಸಮಾಧಿಯೂ ಆಳುವವರಿಗೆ ಭಯ ಹುಟ್ಟಿಸಬಲ್ಲದು.

ಗೌರಮ್ಮನ ಕಥೆ ಈಗ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಸಿ.ಪಿ. ಬೆಳ್ಳಿಯಪ್ಪನವರ 2010ರ ಪುಸ್ತಕದ ನಂತರ ಬ್ರಾಂಪ್ಟನ್ ಸ್ಮಶಾನದಲ್ಲಿರುವ ಅವಳ ಸಮಾಧಿಯ ಸುದ್ದಿ ಮನೆಮನೆಗೆ ತಲುಪಿತು. ಹನ್ನೊಂದು ವರ್ಷದ ಹುಡುಗಿಯನ್ನು ತಂದೆಯೇ ವಿಕ್ಟೋರಿಯಾ ರಾಣಿಯ ವಶಕ್ಕೆ ಕೊಟ್ಟ, ರಾಣಿಯೇ ಧರ್ಮಮಾತೆಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದಳು, ಹುಡುಗಿಯ ಹೆಸರಿನ ಮುಂದೆ ವಿಕ್ಟೋರಿಯಾ ಸೇರಿತು. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮಾರೊಚೆಟ್ಟಿ ಅವಳನ್ನು ಅಮೃತಶಿಲೆಯಲ್ಲಿ ಕಡೆದ. ಪಂಜಾಬಿನ ದುಲೀಪ್ ಸಿಂಗನಿಗೆ ಅವಳನ್ನು ಮದುವೆ ಮಾಡಿಸಬೇಕೆಂದಿದ್ದ ರಾಣಿಯ ಆಸೆ ನಡೆಯಲಿಲ್ಲ. 1860ರಲ್ಲಿ ಅವಳಿಗಿಂತ ಬಹಳ ದೊಡ್ಡವನಾದ ಜಾನ್ ಕ್ಯಾಂಬೆಲ್ ಎಂಬ ಸೇನಾಧಿಕಾರಿಯ ಜೊತೆ ಮದುವೆಯಾಯಿತು, ಮರುವರ್ಷ ಒಂದು ಹೆಣ್ಣುಮಗು ಹುಟ್ಟಿತು, 1864ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೆ ಗೌರಮ್ಮ ಸತ್ತಳು. ಅಜ್ಜ ಲಿಂಗರಾಜನಿಗೆ ಗುಮ್ಮಟ ಎದ್ದು ಆಗ ಇನ್ನೂ ನಲವತ್ತನಾಲ್ಕು ವರ್ಷವಾಗಿತ್ತು. ಇವಳನ್ನು ಈಗ ‘ಕಳೆದುಹೋದ ರಾಜಕುಮಾರಿ’ ಎಂದು ಮರುಗುವ ರೂಢಿ ಬೆಳೆದಿದೆ. ಮರುಗುವುದು ತಪ್ಪಲ್ಲ. ಆದರೆ ಅವಳು ತಾನಾಗಿ ಕಳೆದುಹೋದವಳಲ್ಲ. ತಂದೆ ತನ್ನ ದಾವೆಗೆ ಬಲ ಸಿಗಲೆಂದು ಅವಳನ್ನು ಅರಮನೆಗೆ ಒಪ್ಪಿಸಿದ, ಅರಮನೆ ಅವಳಲ್ಲಿ ಭಾರತದ ರಾಜಮನೆತನಗಳು ಕ್ರೈಸ್ತರಾಗುವ ದಿನದ ಮುನ್ಸೂಚನೆ ಕಂಡಿತು. ಪಟ್ಟದ ಜಗಳದಲ್ಲಿ ದೇವಮ್ಮಾಜಿಗೆ ಆದದ್ದೂ ಇಂಥದ್ದೇ: ಹಿರಿಯರ ಹಕ್ಕುಗಳ ಲೆಕ್ಕಾಚಾರದಲ್ಲಿ ಹುಡುಗಿಯೊಬ್ಬಳ ಬದುಕು ಪಣವಾಯಿತು. ಅದಕ್ಕಾಗಿಯೇ ಬ್ರಾಂಪ್ಟನ್ನಿನ ಕಲ್ಲನ್ನು ನಾನು ಮಡಿಕೇರಿಯ ಗದ್ದುಗೆಯಿಂದ ಬಿಡಿಸಿ ನೋಡಲಾರೆ.

ಕ್ರೈಸ್ತಳಾಗಿ ಸತ್ತವಳು, ಕೊಡಗಿನ ಮಣ್ಣನ್ನು ಒಮ್ಮೆಯೂ ತುಳಿಯದವಳು, ಕಾಶಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವಳು. ಅವಳ ಸಮಾಧಿ ನಮ್ಮದು ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ಧರ್ಮ ಹಿಡಿದು ಹೇಳುವುದಾದರೆ ಅವಳ ಸಮಾಧಿ ನಮ್ಮದಲ್ಲ, ನಾನದನ್ನು ಒಪ್ಪುತ್ತೇನೆ. ಆದರೆ ಧರ್ಮವೇ ಗಡಿಯಾದರೆ ಮಡಿಕೇರಿಯ ಗದ್ದುಗೆಯೂ ಕೊಡಗಿನ ಬಹಳಷ್ಟು ಜನರದಾಗಿ ಉಳಿಯುವುದಿಲ್ಲ. ಕೊಡವರು ವೀರಶೈವರಲ್ಲ. ಸತ್ತವರಿಗೆ ಗುಮ್ಮಟ ಕಟ್ಟುವ ಪದ್ಧತಿ ಅವರಲ್ಲಿಲ್ಲ. ಒಕ್ಕದವರು, ಅಂದರೆ ಒಂದೇ ಮನೆತನದವರು, ತಮ್ಮವರನ್ನು ತೂಟೆಂಗಳದಲ್ಲಿ, ಒಕ್ಕದ ಸ್ಮಶಾನದಲ್ಲಿ, ಸುಡುತ್ತಾರೆ ಇಲ್ಲವೇ ಹೂಳುತ್ತಾರೆ. ನೆನಪು ನಿಲ್ಲುವುದು ಹಿರಿಯರ ಗುಡಿಯಾದ ಕೈಮಡದಲ್ಲಿ, ಮೂಲಪುರುಷನಾದ ಗುರು ಕಾರಣನ ಹೆಸರಿನಲ್ಲಿ, ವರ್ಷಕ್ಕೊಮ್ಮೆ ಕಾರಣಂಗೆ ಕೊಡುವ ಊಟದಲ್ಲಿ. ಕಾದಿ ಮಡಿದವನಿಗೆ ಕೊಲ್ಲೆಕಲ್ಲು ಎಂಬ ವೀರಗಲ್ಲು ನಿಲ್ಲಿಸುವುದುಂಟು, ಗುಮ್ಮಟವಿಲ್ಲ. ಹೀಗಿದ್ದೂ ಅರಸರ ಗದ್ದುಗೆಗಳ ಹತ್ತಿರದಲ್ಲಿಯೇ ಟಿಪ್ಪುವಿನ ವಿರುದ್ಧ ಕಾದು ಮಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಬಿದ್ದಂಡ ಸೋಮಯ್ಯ ಇವರ ಸಮಾಧಿಗಳಿವೆ. ಒಕ್ಕದ ಜಾಗ ಬಿಟ್ಟು ದೊರೆಯ ರುದ್ರಭೂಮಿಯಲ್ಲಿ ಕೊಡವ ದಂಡನಾಯಕರಿಗೆ ಜಾಗ ಸಿಕ್ಕಿದ್ದು ದೊಡ್ಡ ಮಾತು. ಆಳುವವರ ಆಚಾರ ಬೇರೆ, ಕಾದುವವರ ಆಚಾರ ಬೇರೆಯಾಗಿದ್ದರೂ ಒಂದೇ ನೆಲದಲ್ಲಿ ಎರಡಕ್ಕೂ ಎಡೆಯಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇರೆಲ್ಲೂ ಸಿಗಲಾರದು. ನಮ್ಮ ಬಾಲ್ಯದ ಪಾಠಗಳಲ್ಲಿ ಈ ಎರಡು ಸಮಾಧಿಗಳಿಗೆ ಅರ್ಧ ವಾಕ್ಯ ಸಿಗುತ್ತಿತ್ತು. ಗದ್ದುಗೆಯನ್ನು ಕೊಡಗಿನದಾಗಿಸುವುದು ಮೂರು ದೊಡ್ಡ ಗುಮ್ಮಟಗಳಿಗಿಂತ ಹೆಚ್ಚಾಗಿ ಆ ಎರಡು ಸಣ್ಣ ಗುರುತುಗಳೇ ಎಂದು ಈಗ ಅನ್ನಿಸುತ್ತದೆ.

ಇದಕ್ಕೆ ವಿರುದ್ಧವಾದ ಮಾತೂ ಬಲವಾದದ್ದೇ. ಹಾಲೇರಿಯವರು ಹೊರಗಿನಿಂದ, ಇಕ್ಕೇರಿಯ ಕಡೆಯಿಂದ ಬಂದವರು, ನಾಡಿನ ಮುಖಂಡರನ್ನು ಒಬ್ಬೊಬ್ಬರಾಗಿ ತೆಗೆದುಹಾಕಿ ಅರಸರಾದವರು, ಕೊನೆಕೊನೆಗೆ ಪ್ರಜೆಯ ಜೀವಕ್ಕೆ ಬೆಲೆ ಕೊಡದವರು. ಅವರ ಸಮಾಧಿಗೆ ಇಷ್ಟು ಮಮತೆ ಯಾಕೆ ಎಂದು ಕೊಡಗಿನಲ್ಲಿ ಕೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಕಂಪನಿಯ ಪ್ರಕಟಣೆಯೂ ಇದೇ ಧಾಟಿಯದು ಎಂಬುದನ್ನು ಮರೆಯಬಾರದು. 1834ರ ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಆ ಪ್ರಕಟಣೆ ಕೊಡಗಿನ ಜನ ಒಮ್ಮತದಿಂದ ಬಯಸಿದ್ದರಿಂದಲೇ ರಾಜ್ಯವನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದಿತು. ಮೂರೇ ವರ್ಷದಲ್ಲಿ, 1837ರಲ್ಲಿ, ಅದೇ ಹಾಲೇರಿ ಮನೆತನದ ಹೆಸರು ಹಿಡಿದು ಅಮರಸುಳ್ಯದ ದಂಗೆ ಎದ್ದಿತು. ಆ ಮನೆತನದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಿಂತ ಪುಟ್ಟಬಸಪ್ಪನ ಹಿಂದೆ ರೈತರು ಮಂಗಳೂರಿನವರೆಗೆ ನಡೆದರು. ಒಮ್ಮತ ಇದ್ದದ್ದೇ ಆದರೆ ಅಷ್ಟು ಬೇಗ ಅಷ್ಟು ಜನ ಏಳುತ್ತಿರಲಿಲ್ಲ. ದಂಗೆಗೆ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂಬ ಹೊಸ ಕಟ್ಟಳೆ ಮುಖ್ಯ ಕಾರಣ, ರಾಜಭಕ್ತಿ ಬರಿಯ ಬಾವುಟ ಎನ್ನುವುದು ಒಪ್ಪತಕ್ಕ ಮಾತೇ. ಆದರೂ ಹೊಟ್ಟೆಯ ಸಂಕಟಕ್ಕೆ ಜನ ಯಾವ ಬಾವುಟ ಹಿಡಿಯುತ್ತಾರೆ ಎಂಬುದು ಸಣ್ಣ ವಿಷಯವಲ್ಲ. ಆ ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿದ್ದೂ ನಿಜ. ನಾಡು ಎರಡಾಗಿತ್ತು, ದೊರೆಯ ಬಗೆಗಿನ ನಮ್ಮ ಅಭಿಪ್ರಾಯಗಳು ಇಂದಿಗೂ ಎರಡಾಗಿರುವುದಕ್ಕೆ ಬೇರು ಅಲ್ಲಿದೆ.

ಆ ದಂಗೆಯಲ್ಲಿ ಸಿಕ್ಕಿಬಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಪುಟ್ಟಬಸಪ್ಪನಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಾಯಿತು. ಮಡಿಕೇರಿಯಲ್ಲಿ ಈಗ ಅಪ್ಪಯ್ಯ ಗೌಡರ ಪ್ರತಿಮೆಯಿದೆ, ಗದ್ದುಗೆಯ ಹತ್ತಿರ ಅವರ ಹೆಸರಿಲ್ಲ. ಹಾಲೇರಿಯ ಹೆಸರಿಗಾಗಿ ಸತ್ತವರನ್ನು ಹಾಲೇರಿಯ ರುದ್ರಭೂಮಿಯಲ್ಲಿ ನೆನೆಯದಿದ್ದರೆ ಮತ್ತೆಲ್ಲಿ ನೆನೆಯುವುದು? ಸಮಾಧಿಯ ಜಾಗದಲ್ಲಿ ಅಲ್ಲಿ ಹೂಳಿದವರ ಹೆಸರಷ್ಟೇ ಇರಬೇಕು, ಉಳಿದದ್ದು ಮ್ಯೂಸಿಯಂಗೆ ಬಿಟ್ಟದ್ದು ಎಂದು ಪ್ರಾಚ್ಯವಸ್ತುವಿನ ಶಿಸ್ತು ತಿಳಿದವರು ಹೇಳಬಹುದು. ಕಟ್ಟಡದ ಮಟ್ಟಿಗೆ ಆ ಶಿಸ್ತು ಸರಿ. ಗೋಡೆಗೆ ಹೊಸ ಕಲ್ಲು ಹಚ್ಚಬಾರದು, ಹೊಸ ಬಣ್ಣ ಬಳಿಯಬಾರದು. ಆದರೆ ಜಾಗವನ್ನು ಉಳಿಸಿ ಎಂದು ಜನರನ್ನು ಕೇಳುವಾಗ ಅದು ಯಾಕೆ ಉಳಿಯಬೇಕು ಎಂಬುದಕ್ಕೂ ಅವರಿಗೆ ಉತ್ತರ ಬೇಕು. ರಾಜರ ಸಮಾಧಿ ಎಂಬ ಎರಡು ಪದ ಆ ಕೆಲಸಕ್ಕೆ ಸಾಲುತ್ತಿಲ್ಲ, ಒತ್ತುವರಿಯ ತಕರಾರೇ ಅದನ್ನು ತೋರಿಸುತ್ತಿದೆ. ಮನೆಗೆ ಜಾಗವಿಲ್ಲದ ಬಡವನಿಗೆ ಬರಿಯ ರಾಜವೈಭವದ ಹೆಸರು ಹೇಳಿ ನೀನು ಏಳು ಎನ್ನುವುದು ನ್ಯಾಯವಾಗಿಯೂ ಕೇಳಿಸುವುದಿಲ್ಲ. ಅವನಿಗೆ ಬೇರೆ ಕಡೆ ನಿವೇಶನ ಕೊಟ್ಟೇ ಈ ಮಾತು ಆಡಬೇಕು.

ಅದಕ್ಕಾಗಿ ಸರ್ವೆ ಮಾಡುವಾಗ ಬೇಲಿಯ ಗೆರೆ ಮೂರು ಗುಮ್ಮಟಗಳ ಸುತ್ತ ನಿಂತುಬಿಡದೆ ಬಿದ್ದಂಡ ಬೋಪು ಸೋಮಯ್ಯರ ಸಮಾಧಿಗಳನ್ನೂ ಒಳಗೊಳ್ಳಬೇಕು. ಗುಮ್ಮಟಗಳಿಂದ ದೂರದಲ್ಲಿ, ಬಾಗಿಲ ಬಳಿ, ಒಂದು ಫಲಕ ಬೇಕು. ಅದರಲ್ಲಿ ದೊಡ್ಡವೀರರಾಜ, ಮಹದೇವಮ್ಮಾಜಿ, ಲಿಂಗರಾಜ, ರುದ್ರಪ್ಪ ಇವರ ಹೆಸರಿನ ಕೆಳಗೆ, ಇಲ್ಲಿ ಇಲ್ಲದವರೆಂದು ಬರೆದು, ಪಟ್ಟಕ್ಕೆಂದು ಹೆಸರಿಸಿದ್ದ ದೇವಮ್ಮಾಜಿಯನ್ನು, ಜಂಗಮವಾಡಿ ಮಠದ ಚಿಕ್ಕವೀರರಾಜನನ್ನು, ಬ್ರಾಂಪ್ಟನ್ನಿನ ಗೌರಮ್ಮನನ್ನು, ಗಲ್ಲಿಗೇರಿದ ಅಪ್ಪಯ್ಯ ಗೌಡ ಮತ್ತು ಪುಟ್ಟಬಸಪ್ಪರನ್ನು ವರ್ಷಗಳೊಂದಿಗೆ ಹೇಳಬೇಕು. ಕಾಶಿಗೆ ಹೋಗುವ ಕೊಡಗಿನವರು ಈಗ ವಿಶ್ವನಾಥನನ್ನು ನೋಡಿ ಬರುತ್ತಾರೆ. ಜಂಗಮವಾಡಿ ಮಠ ಅಲ್ಲಿಂದ ನಡೆದು ಹೋಗುವ ದೂರದಲ್ಲೇ ಇದೆ ಎಂದೂ ಆ ಫಲಕದಲ್ಲಿ ಬರೆಯಬಹುದು.